ಕರೆಂಟಿಲ್ಲದ ಮನೆಗೆ ಸೋಲಾರ್ ದೀಪ: ಪ್ಯಾನೆಲ್‌ಗಿಂತ ಮೊದಲು ಒಲೆ ನೋಡಿ

ನಾನು ಮೊದಲ ಸಲ ಸೋಲಾರ್ ದೀಪ ಹಾಕಿಕೊಟ್ಟಿದ್ದು ಶರಾವತಿ ಹಿನ್ನೀರಿನ ಆಚೆ ದಡದ ಒಂದು ಹಂಚಿನ ಮನೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರೂರಿಗೆ ಕರೆಂಟು ಹೋಯಿತು, ಆದರೆ ಮುಳುಗಡೆಯಾಗಿ ಕಾಡಿನಂಚಿಗೆ ಸರಿದವರ ಎಷ್ಟೋ ಮನೆಗಳಿಗೆ ದಶಕಗಟ್ಟಲೆ ಕಂಬ ಬರಲಿಲ್ಲ. ಅಡುಗೆಮನೆಯ ನಡುಮಧ್ಯೆ, ಜಂತಿಗೆ ಒಂದು ಬಲ್ಬು ಕಟ್ಟಿ ಬಂದೆ. ಹದಿನೈದು ದಿನ ಬಿಟ್ಟು ಹೋದರೆ ಒಲೆ ಪಕ್ಕ ಚಿಮಣಿ ಬುಡ್ಡಿ ಉರಿಯುತ್ತಲೇ ಇದೆ! ಕೇಳಿದ್ದಕ್ಕೆ ಅಜ್ಜಿ, "ಬೆಳಕೇನೋ ಬಂತು ತಮ್ಮಾ, ಆದ್ರೆ ನನ್ನ ಬೆನ್ನಿಗೆ ಬಂತು" ಅಂದರು. ಅವರು ಒಲೆ ಕಡೆ ತಿರುಗಿ ಕೂತರೆ ಅವರದೇ ನೆರಳು ಪಾತ್ರೆ ಮೇಲೆ. ಸಾರು ಕುದಿಯಿತಾ ಅಂತ ನೋಡೋಕೆ ಬುಡ್ಡಿ ಬೇಕೇ ಬೇಕಿತ್ತು.

ಹಾಗಾಗಿ ಮೊದಲ ಕೆಲಸ, ಒಂದು ಸಂಜೆ ಆ ಮನೆಯಲ್ಲಿ ಸುಮ್ನೆ ಕೂತು ನೋಡುವುದು. ಯಾರು ಎಲ್ಲಿ ಕೂರುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ, ರಾತ್ರಿ ಹಾಲು ಕರೆಯೋಕೆ ಕೊಟ್ಟಿಗೆಗೆ ಯಾವ ದಾರಿಯಲ್ಲಿ ಹೋಗುತ್ತಾರೆ. ಅಡುಗೆ ದೀಪ ಒಲೆ ಮುಂದೆ ಕೂತವರ ಎದುರಿನ ಇಲ್ಲವೇ ಪಕ್ಕದ ಗೋಡೆಯಲ್ಲಿರಲಿ. ಹೊಗೆಗೆ ಕಪ್ಪಾಗುತ್ತದೆ, ಒರೆಸೋಕೆ ಕೈಗೆ ಸಿಗುವ ಎತ್ತರ ಸಾಕು.

ಆಮೇಲೆ ಲೆಕ್ಕ. ಸಣ್ಣ ಮನೆಗೆ 5 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, ದಿನಕ್ಕೆ 4 ಗಂಟೆ ಅಂದರೆ 60 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು). ಮೊಬೈಲ್ ಚಾರ್ಜಿಗೆ, ರಾತ್ರಿಯಿಡೀ ಉರಿಯುವ ಪುಟ್ಟ ದೀಪಕ್ಕೆ ಇನ್ನೊಂದು 15. ಒಟ್ಟು 75. ಮೋಡ ಕವಿದು ಮೂರು ದಿನ ಬಿಸಿಲು ಬಾರದಿದ್ದರೂ ನಡೆಯಬೇಕು ಅಂದರೆ 225 ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಹಾಗಾಗಿ ಅದರ ಎರಡರಷ್ಟು, 450 ಇಟ್ಟುಕೊಳ್ಳಿ. 12 ವೋಲ್ಟಿನ 40 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಇದೂ ಲೆಡ್ ಆಸಿಡ್‌ನದೇ ಒಂದು ಬಗೆ, 12×40 ಅಂದರೆ 480 ಕೊಡುತ್ತದೆ, ಸರಿಹೋಯಿತು. ಪ್ಯಾನೆಲ್ 40 ವ್ಯಾಟಿನದು ಸಾಕು. ಮಲೆನಾಡಾದರೆ ನಾನು 60ಕ್ಕೆ ಹೋಗುತ್ತೇನೆ, ಯಾಕೆಂದರೆ ಆಷಾಢದಲ್ಲಿ ಬಿಸಿಲು ಅನ್ನುವುದು ನೆಂಟರ ಥರ, ಬಂದರೆ ಬಂತು. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿ ಹಗುರ, ನೀರು ಹಾಕುವ ಗೋಜಿಲ್ಲ, ಆದರೆ ದುಡ್ಡು ಜಾಸ್ತಿ, ಮತ್ತೆ ಅದಕ್ಕೆ ಹೊಂದುವ ಚಾರ್ಜ್ ಕಂಟ್ರೋಲರ್ರೇ (ಪ್ಯಾನೆಲ್ಲಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಬಿಡುವ ಪೆಟ್ಟಿಗೆ) ಬೇಕು.

ನೆರಳಿನ ವಿಷಯದಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಏಪ್ರಿಲ್ ಕೊನೆಯಲ್ಲಿ ಮಲೆನಾಡಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲಿರುತ್ತಾನೆ, ಆಗ ಜಾಗ ನೋಡಿದರೆ ಎಲ್ಲಾ ಕಡೆ ಬಿಸಿಲೇ. ಡಿಸೆಂಬರಿಗೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ತೆಂಕು ದಿಕ್ಕಿನ ಹಲಸಿನ ಮರದ ನೆರಳು ನೆಟ್ಟಗೆ ಪ್ಯಾನೆಲ್ ಮೇಲೆ ಬಂದು ಕೂರುತ್ತದೆ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ಲಿನ ಕರೆಂಟು ಕುಸಿಯುತ್ತದೆ, ಮೂಲೆಯದಷ್ಟೇ ಅಲ್ಲ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ತೆಂಕಣದ ಕಡೆ ಖಾಲಿ ಇರುವ ಜಾಗ ಹುಡುಕಿ. ಮಾಡಿನ ಮೇಲೆ ಸಿಗದಿದ್ದರೆ ಅಂಗಳದಲ್ಲಿ ಕಬ್ಬಿಣದ ಕಂಬ ನೆಡಿ. ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ ಸಾಕು, ಮಳೆ ನೀರು, ದರಕು ತಾನಾಗಿ ಜಾರಬೇಕಷ್ಟೆ. ಮಾಡಿನ ಮೇಲೆಯೇ ಕೂರಿಸುವುದಾದರೆ ಹಂಚಿಗೆ ಅಲ್ಲ, ಕೆಳಗಿನ ಪಕಾಸಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಮಂಗಗಳು ಕೂತು ಅಲ್ಲಾಡಿಸಿ ನೋಡುವುದು ಗ್ಯಾರಂಟಿ.

ವೈರಿನಲ್ಲಿ ಉಳಿತಾಯ ಮಾಡಬೇಡಿ. 12 ವೋಲ್ಟಿಗೆ ಸಣ್ಣ ವೈರು ಉದ್ದಕ್ಕೆ ಎಳೆದರೆ ದಾರಿಯಲ್ಲೇ ವೋಲ್ಟೇಜು ಸೋರಿಹೋಗುತ್ತದೆ. ಪ್ಯಾನೆಲ್ಲಿಂದ ಬ್ಯಾಟರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಹಾಕಿ, 10 ಮೀಟರಿನೊಳಗೆ ಮುಗಿಸಿ. ಇಲಿ ಕಡಿಯದ ಹಾಗೆ ಪೈಪಿನೊಳಗೆ ಹಾಯಿಸಿ. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪಗಳು. ಬಿಚ್ಚುವಾಗ ಉಲ್ಟಾ. ಬ್ಯಾಟರಿಯ ಪ್ಲಸ್ ವೈರಿಗೆ ಫ್ಯೂಸ್ ಇರಲೇಬೇಕು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ, ಒಲೆ ಹತ್ತಿರ ಬೇಡ. ಗಾಳಿಯಾಡುವ ಜಗಲಿ ಮೂಲೆ ಒಳ್ಳೆಯದು, ಮಕ್ಕಳ ಕೈಗೆ ಎಟುಕದ ಹಾಗೆ.

ದುಡ್ಡು? ಪುಕ್ಕಟೆ ಕೊಟ್ಟ ದೀಪ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ನಾನು ಕಂಡ ಮಟ್ಟಿಗೆ. ಗ್ರಾಮೀಣ ಬ್ಯಾಂಕು, ಸ್ತ್ರೀಶಕ್ತಿ ಸಂಘದಲ್ಲಿ ಸಾಲಕ್ಕೆ ಕೇಳಿ, ಆದರೆ ಕಂತು ಮನೆಯ ದುಡ್ಡು ಬರುವ ಹೊತ್ತಿಗೆ ಹೊಂದಬೇಕು. 1995ರಲ್ಲಿ ಬೆಂಗಳೂರಿನಲ್ಲಿ ಸೋಲಾರ್ ದೀಪದ ಕಂಪನಿ ಸೆಲ್ಕೋ ಕಟ್ಟಿದವರಲ್ಲೊಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ಹೇಳುವ ಮಾತೊಂದಿದೆ: ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಅಂದರೆ ಭಾರವಲ್ಲ. ಕೂಲಿಯವರಿಗೆ ಸಂತೆ ದಿನ ವಾರದ ಕಂತು ಸರಿ, ಅಡಿಕೆಯವರಿಗೆ ಕೊಯ್ಲಾದ ಮೇಲೆ ಒಟ್ಟಿಗೆ.

ಹೊರಡುವ ಮುಂಚೆ ಮನೆಯಲ್ಲಿ ಯಾವಾಗಲೂ ಇರುವ ಒಬ್ಬರಿಗೆ, ಸಾಮಾನ್ಯವಾಗಿ ಅದು ಸೊಸೆಯೋ ಅಜ್ಜಿಯೋ, ಫ್ಯೂಸ್ ಬದಲಾಯಿಸುವುದನ್ನು ಅವರ ಕೈಯಲ್ಲೇ ಮಾಡಿಸಿ. ಎರಡು ಫ್ಯೂಸ್ ಹೆಚ್ಚಿಗೆ ಕೊಟ್ಟು ಬನ್ನಿ. ಮೂರು ತಿಂಗಳಿಗೊಮ್ಮೆ ಬ್ಯಾಟರಿ ನೀರು ನೋಡಬೇಕು, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಎಷ್ಟೇ ಸಿಹಿಯಾಗಿದ್ದರೂ ಹಾಕಬಾರದು, ಇದನ್ನು ಎರಡು ಸಲ ಹೇಳಿ. ಮತ್ತೆ ಆ ಚಿಮಣಿ ಬುಡ್ಡಿಯನ್ನು ಮೊದಲ ಮಳೆಗಾಲ ಕಳೆಯುವ ತನಕ ಎಸೆಯಬೇಡಿ ಅನ್ನಿ.