ಮಣ್ಣಿನಿಂದ ಮ್ಯಾಟ್‌ಗೆ: ನಮ್ಮ ಕಬಡ್ಡಿ ಬಳಗದ ಅನುಭವ

ದಕ್ಷಿಣ ಕನ್ನಡದ ಒಂದು ಹಳ್ಳಿಯ ಕಬಡ್ಡಿ ಬಳಗಕ್ಕೆ ನಾನು ಕಾರ್ಯದರ್ಶಿ. ಸಂಬಳದವರು ಯಾರೂ ಇಲ್ಲ. ವರ್ಷಕ್ಕೊಂದು ಹೊನಲು ಬೆಳಕಿನ ಪಂದ್ಯಾಟ ಮಾಡುವುದು, ಉಳಿದ ದುಡ್ಡನ್ನು ಮುಂದಿನ ವರ್ಷದ ಫ್ಲೆಕ್ಸು, ಶಾಮಿಯಾನಕ್ಕೆ ಇಡುವುದು ನಮ್ಮ ಕ್ರಮ. 2014ರಲ್ಲಿ ಟಿವಿಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ, ಅಲ್ಲಿಯ ಹಾಗೆ ಹುಡುಗರಿಗೂ ಮಣ್ಣಿನ ಬದಲು ಮ್ಯಾಟ್ ಹಾಸಿದ ಅಂಕಣ ಬೇಕಾಯಿತು. ಜೊತೆಗೆ ಹುಡುಗಿಯರ ತಂಡ ಕಟ್ಟಬೇಕೆಂಬ ಮಾತೂ ಎದ್ದಿತು.

ಮಹಾಸಭೆಯಲ್ಲಿ ಇದನ್ನು ಪಾಸು ಮಾಡಿಸುವುದು ಕಷ್ಟವಿರಲಿಲ್ಲ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಅಷ್ಟರಲ್ಲಿ ಚಾ ಬರುತ್ತದೆ. ಮರುದಿನ ಕೆಲಸಕ್ಕೆ ಬರುವುದು ಮಾತ್ರ ಅದೇ ನಾಲ್ಕು ಜನ. ಹಾಗಾಗಿ ಸಭೆ ಕರೆಯುವ ಮೊದಲೇ ಹಳೆಯ ಆಟಗಾರರ ಮನೆಗೆ ಹೋಗಿ ಕೂತೆವು. ಮ್ಯಾಟ್ ಬೇಕಾ ಬೇಡವಾ ಎಂದು ಕೇಳಲಿಲ್ಲ. ತಂದರೆ ಏನೇನು ತೊಂದರೆ ಆದೀತು ಎಂದು ಕೇಳಿದೆವು. ಬೇಡ ಎನ್ನುವವನ ಹತ್ತಿರವೂ ಇದಕ್ಕೆ ಉತ್ತರ ಇರುತ್ತದೆ, ಬಹಳ ಸಲ ಅವನದೇ ಒಳ್ಳೆಯ ಉತ್ತರ.

ಒಬ್ಬ ಅಣ್ಣ ಕೇಳಿದರು: "ಅಲ್ಲ ಮಾರಾಯ, ಮಳೆಗಾಲದಲ್ಲಿ ಅದನ್ನು ಇಡುವುದೆಲ್ಲಿ?" ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಮೀಟರಿನ ಚೌಕಗಳಾದರೆ 130 ತುಂಡು. ದಿನಾ ಹೊತ್ತು ತರಬೇಕು, ಜೋಡಿಸಬೇಕು, ಬೆವರು ಒರೆಸಿ ಮತ್ತೆ ಪೇರಿಸಿಡಬೇಕು. ಟಿವಿಯಲ್ಲಿ ಇದೊಂದೂ ಕಾಣುವುದಿಲ್ಲ. ಕೊನೆಗೆ ಅದೇ ಅಣ್ಣನ ಅಡಿಕೆ ಶೆಡ್ಡಿನಲ್ಲಿ ಜಾಗ ಸಿಕ್ಕಿತು. ಬೀಗದ ಕೈಯೂ ಅವರ ಹತ್ತಿರವೇ. ಈಗ ಒಂದು ತುಂಡು ಒದ್ದೆಯಿದ್ದರೂ ಹುಡುಗರಿಗೆ ಬೈಗುಳ ಗ್ಯಾರಂಟಿ.

ಖರೀದಿಗೆ ಮೊದಲು ಬಾಡಿಗೆಗೆ ಮ್ಯಾಟ್ ತಂದು, ಒಂದು ಭಾನುವಾರ ಹಿರಿಯರಿಗೂ ಕಿರಿಯರಿಗೂ ಪಂದ್ಯ ಇಟ್ಟೆವು. ಬರಿಗಾಲಲ್ಲಿ ಆಡಿ ಬೆಳೆದವರಿಗೆ ಶೂ ಹಾಕಿ ತಿರುಗಲಿಕ್ಕೇ ಆಗಲಿಲ್ಲ. ಆದರೆ ಕ್ಯಾಚಿಂಗಿನಲ್ಲಿ ಒಬ್ಬ ಹುಡುಗನನ್ನೂ ಬಿಡಲಿಲ್ಲ. ಹಿಡಿತ ಕಲಿಸುವ ಕೆಲಸ ಅವರ ಪಾಲಿಗೆ ಬಂದದ್ದು ಹಾಗೆ.

ಹುಡುಗಿಯರ ವಿಷಯದಲ್ಲಿ ನಮ್ಮ ಸದಸ್ಯರಿಗಿಂತ ತಾಯಂದಿರ ಮಾತೇ ಮುಖ್ಯವಾಯಿತು. ಅವರು ಕೇಳಿದ್ದು ಒಂದೇ, ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು. ಸಂಜೆಯ ಮೊದಲ ಸರದಿ ಹುಡುಗಿಯರಿಗೆ ಕೊಟ್ಟೆವು, ಹುಡುಗರದು ಲೈಟು ಹಾಕಿದ ಮೇಲೆ. ಹುಡುಗರು ಗೊಣಗಿದರು, ಈಗಲೂ ಗೊಣಗುತ್ತಾರೆ. ಮಹಿಳೆಯರ ಅಂಕಣ 12ಕ್ಕೆ 8 ಮೀಟರ್ ಆದ್ದರಿಂದ ಅದೇ ಮ್ಯಾಟ್ ಸಾಕು, ಗೆರೆ ಮಾತ್ರ ಬೇರೆ.

ಬೈಲಾ ತಿದ್ದಿದ್ದು ಎಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಅಭ್ಯಾಸ ನಡೆಯುತ್ತಿತ್ತು, ಹಾಗಾಗಿ ಮಹಿಳಾ ತಂಡ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಸಮಿತಿಯಲ್ಲಿ ಆ ತಂಡದ ಪರವಾಗಿ ಕೂರುವುದು ಆಟಗಾರ್ತಿಯೋ, ತಾಯಂದಿರಲ್ಲಿ ಒಬ್ಬರೋ ಎಂಬುದಕ್ಕೇ ಜಗಳ. ಆಟಗಾರ್ತಿಗೇ ಕೊಟ್ಟೆವು, ಡಿಗ್ರಿ ಓದುತ್ತಿರುವ ಹುಡುಗಿ, ದೇಣಿಗೆ ರಶೀದಿ ಪುಸ್ತಕ ಈಗ ಅವಳ ಕೈಯಲ್ಲಿದೆ.