ಡ್ರಾಫ್ಟ್‌ನ ಮೊದಲ ಸರದಿ ಕೈಗೆ ಬಂದರೆ: ಇಟ್ಟುಕೊಳ್ಳುವುದೋ, ಮಾರುವುದೋ?

ಐಪಿಎಲ್ ಹರಾಜನ್ನು ನೋಡಿ ರೂಢಿಯಾದ ನಮಗೆ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್ ನಡೆಸುವ ಡ್ರಾಫ್ಟ್ ಮೊದಲ ನೋಟಕ್ಕೆ ಸಪ್ಪೆಯಾಗಿ ಕಾಣಬಹುದು. ಅಲ್ಲಿ ಬೆಲೆ ಕೂಗುವವರಿಲ್ಲ, ಸುತ್ತಿಗೆ ಬೀಳುವುದಿಲ್ಲ. 32 ತಂಡಗಳು ತಮ್ಮ ತಮ್ಮ ಸರದಿ ಬಂದಾಗ ಕಾಲೇಜು ಆಟದಿಂದ ಬರುವ ಒಬ್ಬೊಬ್ಬ ಆಟಗಾರನ ಹೆಸರು ಹೇಳುತ್ತವೆ. ಹೀಗೆ ಏಳು ಸುತ್ತು ನಡೆಯುತ್ತದೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೀನಾಯವಾಗಿ ಆಡಿದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ, ನಮ್ಮ ಕಾಲ್ಚೆಂಡಲ್ಲ. ಆದರೆ ಡ್ರಾಫ್ಟ್ ಪದ್ಧತಿ ನಮಗೆ ತೀರ ಹೊಸದೇನೂ ಅಲ್ಲ; ಬೆಂಗಳೂರು ಎಫ್‌ಸಿ ಸೇರಿದ 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಭಾರತೀಯ ಆಟಗಾರರನ್ನು ಹಂಚಲು ಡ್ರಾಫ್ಟನ್ನೇ ನಡೆಸಿತ್ತು.

ಈಗ ನೀವು ಅಂಥ ಸೋತ ತಂಡವೊಂದರ ಜನರಲ್ ಮ್ಯಾನೇಜರ್ ಎಂದುಕೊಳ್ಳಿ. ಮೊದಲ ಸರದಿ ನಿಮ್ಮದು. ಎಲ್ಲರೂ ಕೇಳುವ ಪ್ರಶ್ನೆ ‘ಯಾರನ್ನು ಆರಿಸುತ್ತೀರಿ?’ ಎಂಬುದು. ಆದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಸರದಿಯೂ ಹೊಲ ಮನೆಯಂತೆ ಒಂದು ಆಸ್ತಿಯೇ; ಬೇರೆ ತಂಡದ ಸರದಿಗಳನ್ನೋ ಆಟಗಾರರನ್ನೋ ಪಡೆದು ಅದನ್ನು ಬಿಟ್ಟುಕೊಡಬಹುದು. ಅದನ್ನು ಉಳುವುದೋ, ಮಾರುವುದೋ ಎಂಬುದು ಮೊದಲು ತೀರ್ಮಾನವಾಗಬೇಕು.

ಮೊದಲು ಮನೆಯ ಲೆಕ್ಕ

ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಂದು ಸ್ಥಾನ ಉಳಿದೆಲ್ಲ ಸ್ಥಾನಗಳಿಗಿಂತ ಬೆಲೆಬಾಳುತ್ತದೆ. ತಂಡ ದಾಳಿ ಮಾಡುವಾಗ ಹೆಚ್ಚುಕಡಿಮೆ ಪ್ರತಿ ಬಾರಿಯೂ ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಎಸೆಯಬೇಕೋ, ಓಡುಗನಿಗೆ ಕೊಡಬೇಕೋ ಎಂಬುದು ಕ್ಷಣಾರ್ಧದಲ್ಲಿ ಅವನಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ನಿಮ್ಮ ಮೊದಲ ಕೆಲಸ ಸ್ವಂತ ಕ್ವಾರ್ಟರ್‌ಬ್ಯಾಕ್‌ನ ಕುರಿತು ಮುಲಾಜಿಲ್ಲದ ಅಭಿಪ್ರಾಯವೊಂದಕ್ಕೆ ಬರುವುದು.

ಷಿಕಾಗೊ ಬೇರ್ಸ್ ತಂಡ 2023ರಲ್ಲಿ ನಿಂತಿದ್ದ ಸ್ಥಿತಿ ಇದಕ್ಕೆ ಒಳ್ಳೆಯ ಪಾಠ. ಆ ತಂಡಕ್ಕೆ ಮೊದಲ ಸರದಿ ಸಿಕ್ಕಿದ್ದೇ ಒಂದು ಕಥೆ. 2023ರ ಜನವರಿ 8ರಂದು, ಋತುವಿನ ಕೊನೆಯ ದಿನ, ಮೊದಲ ಸರದಿ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಕೈಯಲ್ಲೇ ಇತ್ತು. ಸುಮ್ಮನೆ ಸೋತಿದ್ದರೆ ಸಾಕಿತ್ತು. ಆದರೆ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ಒಂದು ನಿಮಿಷಕ್ಕಿಂತಲೂ ಕಡಿಮೆ ಸಮಯ ಉಳಿದಿದ್ದಾಗ, ಕೊನೆಯ ಯತ್ನದಲ್ಲಿ 20 ಗಜ ಬೇಕಿದ್ದ ಹತಾಶ ಗಳಿಗೆಯಲ್ಲಿ, ಟೆಕ್ಸನ್ಸ್ ಟಚ್‌ಡೌನ್ ಗಳಿಸಿತು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ಮುಟ್ಟಿಸಿತು. ಅಷ್ಟಕ್ಕೇ ನಿಲ್ಲದೆ ಹೆಚ್ಚುವರಿ ಎರಡು ಅಂಕಗಳನ್ನೂ ದಕ್ಕಿಸಿಕೊಂಡು 32-31ರಿಂದ ಗೆದ್ದಿತು. ಅದೇ ಹೊತ್ತಿಗೆ ಮಿನೆಸೋಟ ತಂಡಕ್ಕೆ ಸೋತ ಬೇರ್ಸ್, ಋತುವನ್ನು 3 ಗೆಲುವು, 14 ಸೋಲುಗಳೊಂದಿಗೆ ಮುಗಿಸಿ ಮೊದಲ ಸರದಿ ಪಡೆಯಿತು. ಆ ಗೆಲುವು ತಂದಿತ್ತ ಟೆಕ್ಸನ್ಸ್ ಕೋಚ್ ಲವಿ ಸ್ಮಿತ್ ಅಂದು ರಾತ್ರಿಯೇ ಕೆಲಸ ಕಳೆದುಕೊಂಡರು. ಅವರು ಒಂದು ಕಾಲಕ್ಕೆ ಬೇರ್ಸ್ ತಂಡದ ಕೋಚ್ ಆಗಿದ್ದವರು ಎಂಬುದನ್ನು ಷಿಕಾಗೊ ಅಭಿಮಾನಿಗಳು ಇಂದಿಗೂ ನಗುತ್ತ ನೆನೆಯುತ್ತಾರೆ.

ಬೇರ್ಸ್ ಬಳಿ ಆಗ ಜಸ್ಟಿನ್ ಫೀಲ್ಡ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. 2022ರಲ್ಲಿ ಅವನು ಓಡಿಯೇ 1,143 ಗಜ ಗಳಿಸಿದ್ದ. ಎಸೆತ ಮಾತ್ರ ಇನ್ನೂ ಪಳಗಿರಲಿಲ್ಲ. ಅವನನ್ನು ಬಿಟ್ಟು ಹೊಸಬನನ್ನು ತರಬೇಕೋ, ಇನ್ನೊಂದು ವರ್ಷ ನೋಡಬೇಕೋ? ಜನರಲ್ ಮ್ಯಾನೇಜರ್ ರಯಾನ್ ಪೋಲ್ಸ್ ಎರಡನೆಯ ದಾರಿ ಹಿಡಿದರು. ಹಾಗೆ ಮಾಡಿದೊಡನೆ ಮೊದಲ ಸರದಿ ಅವರ ಪಾಲಿಗೆ ಉಳುವ ಹೊಲವಾಗಿ ಉಳಿಯದೆ, ಮಾರುವ ಸರಕಾಯಿತು.

ಬಳಿಕ ಆ ವರ್ಷದ ಬೆಳೆ

ಮನೆಯ ಲೆಕ್ಕ ಮುಗಿದ ಮೇಲೆ ಆ ವರ್ಷದ ಕಾಲೇಜು ಬೆಳೆ ಹೇಗಿದೆ ಎಂದು ನೋಡಬೇಕು. ಎಲ್ಲ ವರ್ಷವೂ ಒಂದೇ ಇಳುವರಿ ಇರುವುದಿಲ್ಲ. 2024ರಲ್ಲಿ ಮೊದಲ 12 ಸರದಿಗಳಲ್ಲೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. 2013ರಲ್ಲಿ ಅಂಥವರು ಯಾರೂ ಕಾಣದೆ ಕ್ಯಾನ್ಸಸ್ ಸಿಟಿ ಚೀಫ್ಸ್ ಮೊದಲ ಸರದಿಯನ್ನು ಎರಿಕ್ ಫಿಷರ್ ಎಂಬ ದಾಳಿ ಸಾಲಿನ ಗಟ್ಟಿಗನಿಗೆ, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ ನಿಲ್ಲುವ ಟ್ಯಾಕಲ್‌ಗೆ ಬಳಸಿತು. ಬೇಕಿರುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಂದೇ ಕಾರಣಕ್ಕೆ, ಇಲ್ಲದವನಲ್ಲಿ ಇಲ್ಲದ ಗುಣ ಕಾಣುವುದು ಈ ಹಂತದ ದೊಡ್ಡ ಅಪಾಯ. ಓಕ್‌ಲ್ಯಾಂಡ್ ರೈಡರ್ಸ್ 2007ರಲ್ಲಿ ಮೊದಲ ಸರದಿ ಕೊಟ್ಟು ತಂದ ಜಮಾರ್ಕಸ್ ರಸೆಲ್‌ಗೆ ಮೂರೇ ಋತುಗಳ ಬಳಿಕ ಲೀಗಿನಲ್ಲಿ ಜಾಗವಿರಲಿಲ್ಲ.

ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಪರೀಕ್ಷಾ ಶಿಬಿರದಲ್ಲಿ 40 ಗಜದ ಓಟ, ನೆಗೆತ, ಎತ್ತರ, ಅಂಗೈ ಅಗಲ ಎಲ್ಲವನ್ನೂ ಅಳೆಯುತ್ತಾರೆ. ಅಳತೆಗಳು ಬೇಕು, ಆದರೆ ನನ್ನ ಅಭಿಪ್ರಾಯದಲ್ಲಿ ಅವು ಕಾಲೇಜು ಪಂದ್ಯಗಳ ದೃಶ್ಯಗಳಲ್ಲಿ ಕಂಡದ್ದನ್ನು ಒಪ್ಪಲು ಅಥವಾ ಅನುಮಾನಿಸಲು ಮಾತ್ರ ಉಪಯೋಗಕ್ಕೆ ಬರಬೇಕು. 1998ರಲ್ಲಿ ಪೇಟನ್ ಮ್ಯಾನಿಂಗ್ ಮತ್ತು ರಯಾನ್ ಲೀಫ್ ಇಬ್ಬರಲ್ಲಿ ಯಾರು ಮೇಲು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆದಿತ್ತು. ಮೊದಲ ಸರದಿಯ ಮ್ಯಾನಿಂಗ್ ಐದು ಬಾರಿ ಲೀಗಿನ ಅತ್ಯುತ್ತಮ ಆಟಗಾರನಾದ; ಎರಡನೆಯ ಸರದಿಯ ಲೀಫ್ ನಾಲ್ಕೇ ವರ್ಷದಲ್ಲಿ ಮರೆಯಾದ. ಎರಡು ವರ್ಷದ ಬಳಿಕ 199ನೆಯ ಸರದಿಯವರೆಗೆ ಯಾರಿಗೂ ಬೇಡವಾಗಿದ್ದವನು, ಮುಂದೆ ಈ ಆಟದ ಮಹಾನ್ ಕ್ವಾರ್ಟರ್‌ಬ್ಯಾಕ್ ಎನಿಸಿದ ಟಾಮ್ ಬ್ರೇಡಿ.

ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಇದನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರ ಆಯ್ಕೆಯಾದವನಿಗಿಂತ ಉತ್ತಮವಾಗುವ ಸಾಧ್ಯತೆ ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಹೆಚ್ಚು ಎಂದೂ, ತಂಡಗಳು ಮೇಲಿನ ಸರದಿಗಳಿಗೆ ವಿಪರೀತ ಬೆಲೆ ತೆರುತ್ತಿವೆ ಎಂದೂ ಅವರು ತೋರಿಸಿದರು. ಈ ಮಾತಿಗೆ ಒಂದು ತಿದ್ದುಪಡಿ ಬೇಕು, ಅದನ್ನು ಹಣದ ಮಾತು ಬಂದಾಗ ಹೇಳುತ್ತೇನೆ.

ಫೋನ್ ಬರುವ ಮುನ್ನ ಬೆಲೆ ಬರೆದಿಡಿ

ಮಾರುವ ಮನಸ್ಸು ಇರಲಿ, ಇಲ್ಲದಿರಲಿ, ನಿಮ್ಮ ಸರದಿಯ ಬೆಲೆ ನಿಮಗೆ ಗೊತ್ತಿರಬೇಕು. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಕೋಚ್ ಜಿಮ್ಮಿ ಜಾನ್ಸನ್ ಅವರ ಕಾಲದಲ್ಲಿ ಸಿದ್ಧವಾದ ಪಟ್ಟಿಯೊಂದು ಪ್ರತಿ ಸರದಿಗೂ ಅಂಕ ಕೊಡುತ್ತದೆ: ಮೊದಲನೆಯದಕ್ಕೆ 3,000, ಎರಡನೆಯದಕ್ಕೆ 2,600, ಹತ್ತನೆಯದಕ್ಕೆ 1,300, ಮೊದಲ ಸುತ್ತಿನ ಕೊನೆಯದಾದ 32ನೆಯದಕ್ಕೆ 590. ಇಂದು ತಂಡಗಳು ತಮ್ಮದೇ ಪಟ್ಟಿ ಮಾಡಿಕೊಂಡಿದ್ದರೂ ಮಾತುಕತೆಯ ಭಾಷೆ ಇಲ್ಲಿಂದಲೇ ಬಂದದ್ದು.

ಬೇರ್ಸ್ ವ್ಯಾಪಾರಕ್ಕೆ ಇದನ್ನು ಹಚ್ಚಿ ನೋಡೋಣ. 2023ರ ಮಾರ್ಚ್ 10ರಂದು, ಡ್ರಾಫ್ಟ್‌ಗೆ ಇನ್ನೂ ಏಳು ವಾರವಿದ್ದಾಗ, ಕೆರೊಲಿನಾ ಪ್ಯಾಂಥರ್ಸ್ ಮೊದಲ ಸರದಿಯನ್ನು ಕೊಂಡಿತು. ಆ ವರ್ಷದ 9 ಮತ್ತು 61ನೆಯ ಸರದಿಗಳು, 2024ರ ಮೊದಲ ಸುತ್ತಿನ ಸರದಿ, 2025ರ ಎರಡನೆಯ ಸುತ್ತಿನ ಸರದಿ, ಜೊತೆಗೆ ಡಿ.ಜೆ. ಮೂರ್ ಎಂಬ ನುರಿತ ರಿಸೀವರ್, ಅಂದರೆ ಎಸೆತ ಹಿಡಿಯುವ ಆಟಗಾರ. ಪಟ್ಟಿಯ ಪ್ರಕಾರ 9ಕ್ಕೆ 1,350, 61ಕ್ಕೆ 292, ಒಟ್ಟು 1,642. ಉಳಿದ 1,358 ಅಂಕಗಳಿಗೆ ಮೂರ್ ಮತ್ತು ಇನ್ನೂ ಹುಟ್ಟದ ಎರಡು ಸರದಿಗಳು ಲೆಕ್ಕ ಹೊಂದಿಸಬೇಕಿತ್ತು. ಮುಂದಿನ ವರ್ಷದ ಸರದಿಗೆ ಈ ವರ್ಷದ್ದಕ್ಕಿಂತ ಕಡಿಮೆ ಬೆಲೆ ಕಟ್ಟುವುದು ಅಲ್ಲಿನ ರೂಢಿ. ಕೊಡುವ ತಂಡ ತಾನು ಮುಂದಿನ ವರ್ಷ ಗೆಲ್ಲುತ್ತೇನೆ, ಕೊಟ್ಟ ಸರದಿ ಕೆಳಗೆ ಜಾರುತ್ತದೆ ಎಂದು ನಂಬಿಯೇ ಕೊಡುತ್ತದೆ. ಆ ನಂಬಿಕೆ ನಿಮಗೂ ಬರಬೇಕಾಗಿಲ್ಲ.

ಹಣದ ಲೆಕ್ಕವನ್ನು ಇದರ ಪಕ್ಕದಲ್ಲೇ ಇಡಿ. 2010ರಲ್ಲಿ ಮೊದಲ ಸರದಿಯ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದವಾಗಿತ್ತು, ಅದರಲ್ಲಿ 5 ಕೋಟಿಗೆ ಖಾತರಿ. 2011ರ ಕಾರ್ಮಿಕ ಒಪ್ಪಂದ ಹೊಸಬರ ಸಂಬಳಕ್ಕೆ ಮಿತಿ ಹಾಕಿತು; ಅದೇ ವರ್ಷ ಮೊದಲ ಸರದಿಯ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. 2024ರಲ್ಲಿ ಡ್ಯಾಕ್ ಪ್ರೆಸ್ಕಾಟ್‌ನಂಥ ಅನುಭವಿ ಕ್ವಾರ್ಟರ್‌ಬ್ಯಾಕ್‌ನ ಒಪ್ಪಂದ ವರ್ಷಕ್ಕೆ 6 ಕೋಟಿ ಡಾಲರ್ ಮುಟ್ಟಿತು, ಮೊದಲ ಸರದಿಯವನು ನಾಲ್ಕು ವರ್ಷಕ್ಕೆ 4 ಕೋಟಿಗಿಂತ ಕಡಿಮೆಗೆ ಸಿಕ್ಕಿದ. ಇಡೀ ತಂಡದ ಸಂಬಳದ ಮಿತಿ ಅಂದು 25.54 ಕೋಟಿ ಇತ್ತು ಎಂಬುದನ್ನು ನೆನಪಿಟ್ಟರೆ, ಒಳ್ಳೆಯ ಎಳೆಯ ಕ್ವಾರ್ಟರ್‌ಬ್ಯಾಕ್ ಇತರ ಸ್ಥಾನಗಳಿಗೆ ಎಷ್ಟು ಹಣ ಉಳಿಸಿಕೊಡುತ್ತಾನೆ ಎಂಬುದು ತಿಳಿಯುತ್ತದೆ. ಮ್ಯಾಸಿ ಮತ್ತು ಥೇಲರ್ ಅಧ್ಯಯನ ಶುರುವಾದದ್ದು ಹಳೆಯ ದುಬಾರಿ ಕಾಲದ ಅಂಕಿಗಳಿಂದ. 2011ರ ಬಳಿಕ ಮೊದಲ ಸರದಿ ಮೊದಲಿಗಿಂತ ಅಗ್ಗ. ಹಾಗಾಗಿ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಅದನ್ನು ಮಾರುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮಾರುವುದಾದರೆ ಎಷ್ಟು ಕೆಳಗೆ, ಯಾರಿಗೆ

ನಿಮ್ಮ ಪಟ್ಟಿಯಲ್ಲಿ ಸರಿಸುಮಾರು ಒಂದೇ ಮಟ್ಟದ ಎಂಟು ಜನರಿದ್ದರೆ ಎಂಟನೆಯ ಸರದಿಯವರೆಗೆ ಧೈರ್ಯವಾಗಿ ಇಳಿಯಬಹುದು. ಇಬ್ಬರೇ ಇದ್ದರೆ ಇಳಿಯಬಾರದು. ಕೊಳ್ಳುವವನನ್ನು ಆರಿಸುವಾಗ ಅವನ ಮುಂದಿನ ವರ್ಷದ ಗತಿಯನ್ನೂ ಅಂದಾಜು ಮಾಡಿ. ಬಲವಾದ ತಂಡದ ನಾಳಿನ ಸರದಿಗಿಂತ, ಹೊಸ ಕೋಚ್, ಹೊಸ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ತಡವರಿಸಬಹುದಾದ ತಂಡದ ನಾಳಿನ ಸರದಿ ನಿಮಗೆ ಲಾಭ.

ಪ್ಯಾಂಥರ್ಸ್ ಅಂಥದ್ದೇ ತಂಡವಾಗಿತ್ತು. 5 ಅಡಿ 10 ಅಂಗುಲದ ಬ್ರೈಸ್ ಯಂಗ್‌ನನ್ನು ಆರಿಸಿದ ಆ ತಂಡ ಮೊದಲ ವರ್ಷ 2 ಪಂದ್ಯ ಗೆದ್ದು 15 ಸೋತಿತು. ಬೇರ್ಸ್‌ಗೆ ಕೊಟ್ಟಿದ್ದ 2024ರ ಸರದಿ ಮತ್ತೆ ಮೊದಲ ಸರದಿಯೇ ಆಗಿ ಬಂತು. ಇತ್ತ ಮೂರ್ ಷಿಕಾಗೊದಲ್ಲಿ ಮೊದಲ ವರ್ಷವೇ 1,364 ಗಜ ಗಳಿಸಿದ.

ಆದರೂ ಇದನ್ನು ಪೋಲ್ಸ್ ಅವರ ಜಾಣ್ಮೆ ಎಂದಷ್ಟೇ ಬರೆದರೆ ತಪ್ಪಾಗುತ್ತದೆ. 2023ರ ಎರಡನೆಯ ಸರದಿಯಲ್ಲಿ ಟೆಕ್ಸನ್ಸ್ ಆರಿಸಿದ ಸಿ.ಜೆ. ಸ್ಟ್ರೌಡ್ ಆ ವರ್ಷದ ಶ್ರೇಷ್ಠ ಹೊಸ ದಾಳಿ ಆಟಗಾರನೆನಿಸಿದ. ಮೊದಲ ಸರದಿ ಮಾರಿದವರು ಅವನನ್ನೂ ಬಿಟ್ಟುಕೊಟ್ಟಿದ್ದರು. ಕೊಂಡವರೆಲ್ಲ ಕೆಡುತ್ತಾರೆ ಎಂದೂ ಅಲ್ಲ. 2016ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ 15ನೆಯ ಸರದಿಯಿಂದ ಮೊದಲನೆಯದಕ್ಕೆ ಏರಿ ಜಾರೆಡ್ ಗಾಫ್‌ನನ್ನು ಪಡೆದು, ಮೂರನೆಯ ಋತುವಿನಲ್ಲಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಮಾರಿದ ಟೆನೆಸಿ ಟೈಟನ್ಸ್ ಬಳಿ ಆಗ ಮಾರ್ಕಸ್ ಮರಿಯೋಟ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. ಅವನು ತಂಡದಲ್ಲಿ ನೆಲೆ ನಿಲ್ಲಲಿಲ್ಲ. ಆದರೆ ಬದಲಿಗೆ ಬಂದ 45ನೆಯ ಸರದಿಯಲ್ಲಿ ಸಿಕ್ಕ ಡೆರಿಕ್ ಹೆನ್ರಿ 2020ರ ಒಂದೇ ಋತುವಿನಲ್ಲಿ 2,027 ಗಜ ಓಡಿದ.

ಆಟಗಾರನನ್ನೂ ಕೇಳಿ

ಇದನ್ನು ಮರೆಯುವವರಿದ್ದಾರೆ. 1936ರ ಮೊಟ್ಟಮೊದಲ ಡ್ರಾಫ್ಟ್‌ನ ಮೊದಲ ಆಯ್ಕೆಯಾದ ಜೇ ಬರ್ವ್ಯಾಂಗರ್ ಸಂಬಳ ಹೊಂದದೆ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1986ರಲ್ಲಿ ಟ್ಯಾಂಪಾ ಬೇ ತಂಡ ಆರಿಸಿದ ಬೋ ಜಾಕ್ಸನ್ ಸಹಿ ಹಾಕಲೊಲ್ಲದೆ ಬೇಸ್‌ಬಾಲ್ ಆಡಲು ಹೋದ. 2004ರಲ್ಲಿ ಈಲೈ ಮ್ಯಾನಿಂಗ್ ತಾನು ಸ್ಯಾನ್ ಡಿಯೇಗೊ ತಂಡಕ್ಕೆ ಆಡುವುದಿಲ್ಲ ಎಂದು ಮೊದಲೇ ಹೇಳಿದ್ದ. ಆ ತಂಡ ಅವನನ್ನು ಆರಿಸಿ, ಅಂದೇ ನ್ಯೂಯಾರ್ಕ್ ಜೈಂಟ್ಸ್‌ಗೆ ಕೊಟ್ಟು ಫಿಲಿಪ್ ರಿವರ್ಸ್ ಮತ್ತು ಹೆಚ್ಚುವರಿ ಸರದಿಗಳನ್ನು ಪಡೆಯಿತು. ಮೊದಲ ಸರದಿಯ ತಂಡ ಡ್ರಾಫ್ಟ್‌ಗೆ ಮುನ್ನವೇ ಆಟಗಾರನೊಡನೆ ಒಪ್ಪಂದದ ಮಾತಾಡಬಹುದು. ಟೆಕ್ಸನ್ಸ್ 2006ರಲ್ಲಿ ಮಾರಿಯೋ ವಿಲಿಯಮ್ಸ್‌ನೊಡನೆ ಹಿಂದಿನ ದಿನವೇ ಒಪ್ಪಂದ ಮುಗಿಸಿತ್ತು.

ಇಷ್ಟೆಲ್ಲ ಮುಗಿದಿದ್ದರೆ ಡ್ರಾಫ್ಟ್ ರಾತ್ರಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. 2024ರಲ್ಲಿ ಎರಡನೆಯ ಬಾರಿ ಮೊದಲ ಸರದಿ ಹಿಡಿದು ನಿಂತ ಪೋಲ್ಸ್ ಈ ಸಲ ಮಾರಲಿಲ್ಲ. ಮಾರ್ಚ್ ತಿಂಗಳಲ್ಲೇ ಫೀಲ್ಡ್ಸ್‌ನನ್ನು ಆರನೆಯ ಸುತ್ತಿನ ಷರತ್ತಿನ ಸರದಿಯೊಂದಕ್ಕೆ ಪಿಟ್ಸ್‌ಬರ್ಗ್ ತಂಡಕ್ಕೆ ಕಳುಹಿಸಿ, ತಮ್ಮ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಊರಿಗೆಲ್ಲ ತಿಳಿಯುವಂತೆ ಮಾಡಿದ್ದರು. ಏಪ್ರಿಲ್ 25ರಂದು ಡೆಟ್ರಾಯಿಟ್‌ನಲ್ಲಿ ಆಯ್ಕೆಗೆಂದು ಕೊಟ್ಟ 10 ನಿಮಿಷದ ಗಡಿಯಾರ ಓಡತೊಡಗಿದಾಗ, ವೇದಿಕೆಯಿಂದ ಕೇಲೆಬ್ ವಿಲಿಯಮ್ಸ್ ಎಂಬ ಹೆಸರೇ ಬರುತ್ತದೆಂದು ಅಲ್ಲಿ ನೆರೆದವರಿಗೆಲ್ಲ ಗೊತ್ತಿತ್ತು.