ಗ್ಯಾಸ್ ಅಂತ ಬಂದವರಿಗೆ ಮೊದ್ಲು ಇಸಿಜಿ

ತಾಲ್ಲೂಕು ಆಸ್ಪತ್ರೆಲಿ ನೈಟ್ ಡ್ಯೂಟಿ ಮಾಡೋರಿಗೆ ಇದು ಗೊತ್ತಿರೋದೇ, ನಂಗೆ ಹಾರ್ಟ್ ಅಟ್ಯಾಕ್ ಆಗಿದೆ ಅಂತ ಹೇಳ್ಕೊಂಡು ಯಾರೂ ಬರಲ್ಲ, ಎಲ್ರಿಗೂ ಗ್ಯಾಸೇ. ನಾನೂ ಮೊದಲ ವರ್ಷ ಅದನ್ನೇ ನಂಬಿದ್ದೆ. ಶುಗರ್ ಇದ್ದ ಒಬ್ಬ ಅಜ್ಜಿ, ಎದೆನೋವು ಅಂತ ಒಂದ್ಸಲಾನೂ ಅಂದಿರ್ಲಿಲ್ಲ, ವಾಂತಿ, ಬೆವರು, ಸುಸ್ತು ಅಷ್ಟೇ. ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸ್ಬಿಟ್ಟೆ. ಬೆಳಿಗ್ಗೆ ಉಬ್ಬುಸ ಪಡ್ತಾ ಬಂದ್ರು, ಇಸಿಜಿ ನೋಡಿದ್ರೆ ದೊಡ್ಡ ಅಟ್ಯಾಕು. ಬದುಕಿದ್ರು, ಆದ್ರೆ ಹಾರ್ಟ್ ಪಂಪಿಂಗ್ ಮತ್ತೆ ಮೊದಲಿನ ತರ ಆಗ್ಲೇ ಇಲ್ಲ. ಅವತ್ತಿಂದ ನಂದೊಂದು ಹಠ, ಗಲ್ಲದಿಂದ ಹೊಕ್ಕಳತನಕ ಎಲ್ಲಿ ಏನು ನೋವು ಅಂದ್ರೂ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು, ಹೆಸರು ಬರೆಸೋದು ಚೀಟಿ ಮಾಡಿಸೋದು ಎಲ್ಲಾ ಆಮೇಲೆ.

ಮೊನ್ನೆ ಮಳೆಗಾಲದಲ್ಲಿ ಬಂದವರ ಕತೆ ಹೇಳ್ತೀನಿ. ಐವತ್ತರ ಆಸುಪಾಸಿನ ರೈತರು, ರಾತ್ರಿ ಹನ್ನೊಂದೂವರೆ, ಹೆಂಡತಿ ಹೇಳ್ತಾ ಇದ್ರು "ಏನಿಲ್ಲ ಡಾಕ್ಟ್ರೇ, ಸಾಯಂಕಾಲ ಬೋಂಡಾ ತಿಂದ್ರು, ಸೋಡಾನೂ ಕುಡಿಸ್ದೆ, ತೇಗು ಬರ್ತಿಲ್ಲ ಅಷ್ಟೇ". ಅವರು ಮಾತಾಡ್ಲಿಲ್ಲ, ಮುಷ್ಟಿ ಕಟ್ಟಿ ಎದೆ ನಡುವೆ ಇಟ್ಕೊಂಡಿದ್ರು. ಒಂದು ಬೆರಳಲ್ಲಿ ಇಲ್ಲೇ ಚುಚ್ಚುತ್ತೆ ಅಂತ ತೋರ್ಸಿ, ಒತ್ತಿದ್ರೆ ಅಯ್ಯೋ ಅನ್ನೋರಲ್ಲಿ ಹೃದಯದ್ದು ಆಗಿರೋದು ಕಮ್ಮಿ, ಈ ಮುಷ್ಟಿ ಕಂಡ್ರೆ ಮಾತ್ರ ನಂಗೆ ಭಯ. ಗದ್ದೆ ಏರಿ ಹತ್ತುವಾಗ ಯಾವತ್ತಾದ್ರೂ ಹಿಡಿದಂಗೆ ಆಗ್ತಿತ್ತಾ ಅಂದ್ರೆ, ಹದಿನೈದು ದಿನದಿಂದ ಆಗ್ತಿತ್ತಂತೆ, ನಿಂತ್ರೆ ಬಿಡ್ತಿತ್ತಂತೆ, ಬೀಡಿ ಜಾಸ್ತಿ ಆಯ್ತೇನೋ ಅನ್ಕೊಂಡಿದ್ರಂತೆ.

ಮೊದಲ ಇಸಿಜಿ ನಾರ್ಮಲ್. ಇಲ್ಲೇ ಎಷ್ಟೋ ಜನ ಎಡವೋದು. ಟ್ರೋಪೊನಿನ್, ಅಂದ್ರೆ ಹೃದಯಕ್ಕೆ ಪೆಟ್ಟಾಗಿದ್ಯಾ ಅಂತ ತೋರ್ಸೋ ರಕ್ತ ಪರೀಕ್ಷೆ, ಮಾಡ್ಸೋಣ ಅಂದ್ರೂ ನೋವು ಶುರುವಾಗಿ ಒಂದು ಗಂಟೆ ಆಗಿತ್ತು, ಅಷ್ಟು ಬೇಗ ನೆಗೆಟಿವ್ ಬಂದ್ರೆ ಅದಕ್ಕೆ ಅರ್ಥ ಇಲ್ಲ. ಮಾನಿಟರ್ ಹಾಕಿ, ಆಸ್ಪಿರಿನ್ 300 ಎಂಜಿ ಅಗಿಸಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಇಸಿಜಿ ತೆಗೆಸ್ದೆ. ಇಸಿಜಿಲಿ ಹೃದಯದ ಕೆಳಭಾಗ ತೋರ್ಸೋ ಲೀಡ್ ಎರಡು, ಮೂರು, ಎವಿಎಫ್‌ನಲ್ಲಿ ಎಸ್‌ಟಿ ಗೆರೆ ಎದ್ದು ನಿಂತಿತ್ತು, ಅಂದ್ರೆ ಅಟ್ಯಾಕೇ. ಹೊಟ್ಟೆ ಕಡೆ ನೋವು ಕೊಟ್ಟು ಗ್ಯಾಸ್ ಅಂತ ಮೋಸ ಮಾಡೋದು ಜಾಸ್ತಿ ಇದೇ, ಹೃದಯದ ಕೆಳಗೋಡೆದು.

ಸಿಸ್ಟರ್ ಅಷ್ಟೊತ್ತಿಗೆ ಎದೆನೋವಿಗೆ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆ ಸ್ಟ್ರಿಪ್ ಒಡೆದು ಕೈಲಿ ಹಿಡ್ಕೊಂಡಿದ್ರು. ಒಂದ್ನಿಮಿಷ ನಿಲ್ಲಿ ಸಿಸ್ಟರ್ ಅಂದೆ. ಬಿಪಿ 90/60, ಬಲಗಡೆ ಎದೆ ಮೇಲೆ ಲೀಡ್ ಇಟ್ಟು ವಿ4ಆರ್ ಅನ್ನೋ ಬಲಭಾಗದ ಇಸಿಜಿ ತೆಗೆದ್ರೆ ಅಲ್ಲೂ ಎಸ್‌ಟಿ ಎದ್ದಿದೆ. ಹೃದಯದ ಬಲ ಕೋಣೆಗೂ ಪೆಟ್ಟು ಬಿದ್ದಾಗ ನಾಲಿಗೆ ಕೆಳಗೆ ಆ ಮಾತ್ರೆ ಇಟ್ರೆ ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿಯಾಗಿ ಬಿಪಿ ಕುಸಿದುಬಿಡುತ್ತೆ. ಶ್ವಾಸಕೋಶ ಕ್ಲಿಯರ್ ಇತ್ತು, ಅದಕ್ಕೆ ಸಲೈನ್ ಸ್ವಲ್ಪ ಸ್ವಲ್ಪ ಬಿಟ್ಟು ನೋಡ್ತಾ ಹೋದ್ವಿ, ಬಿಪಿ 110ಕ್ಕೆ ಬಂತು.

ಆಂಜಿಯೋಪ್ಲಾಸ್ಟಿ ಸಿಗೋ ಊರು ನಮ್ಮಿಂದ ಮೂರು ಗಂಟೆ ದಾರಿ. ಎರಡು ಗಂಟೆಯೊಳಗೆ ತಲುಪಿಸೋಕಾಗಲ್ಲ ಅಂದ್ರೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನನ್ನ ಇಲ್ಲೇ ಕೊಟ್ಟು ಕಳಿಸ್ಬೇಕು. ಟೆನೆಕ್ಟೆಪ್ಲೇಸ್ ಅನ್ನೋ ಆ ಇಂಜೆಕ್ಷನ್ ಹೊರಗಡೆ ದುಬಾರಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ್ಮೇಲೆ ನಮ್ಮಂಥ ಕಡೆನೂ ಉಚಿತವಾಗಿ ಸಿಗ್ತಿದೆ, ಇಸಿಜಿ ದೊಡ್ಡ ಆಸ್ಪತ್ರೆಗೆ ಕಳಿಸಿದ್ರೆ ಅವರೂ ನೋಡಿ ಹೇಳ್ತಾರೆ. ಇದ್ರಿಂದ ರಕ್ತಸ್ರಾವ ಆಗೋ ಅಪಾಯ ಇರುತ್ತೆ, ಅದಕ್ಕೆ ಮೊದ್ಲು ಕೇಳ್ಬೇಕು, ಪಾರ್ಶ್ವವಾಯು ಆಗಿತ್ತಾ, ತಲೆಗೆ ಏಟು, ಆಪರೇಷನ್, ಮಲದಲ್ಲಿ ರಕ್ತ? ಎಲ್ಲಾ ಕೇಳಿ, ತೂಕ 62 ಕೆಜಿ, 35 ಎಂಜಿ ಒಂದೇ ಸಲಕ್ಕೆ ಕೊಟ್ವಿ, ಮತ್ತೆ ಗಡ್ಡೆ ಕಟ್ಟದಂಗೆ ಕ್ಲೋಪಿಡೋಗ್ರೆಲ್, ಎನಾಕ್ಸಪರಿನ್ ಜೊತೆಗೆ. ಮುಕ್ಕಾಲು ಗಂಟೆಗೆ ಮುಷ್ಟಿ ಬಿಚ್ತು. 90 ನಿಮಿಷದ ಇಸಿಜಿಲಿ ಎಸ್‌ಟಿ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು, ಅಂದ್ರೆ ಇಂಜೆಕ್ಷನ್ ಕೆಲಸ ಮಾಡಿದೆ ಅಂತ. ಆಂಬುಲೆನ್ಸ್ ಹತ್ತಿಸ್ದೆ, ಮಾರನೇ ದಿನ ಆಂಜಿಯೋಗ್ರಾಂ ಆಗಿ ಬಲ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ರು.

ಎರಡು ತಿಂಗಳಾದ್ಮೇಲೆ ಬಂದ್ರು. "ಸ್ಟೆಂಟ್ ಹಾಕಿದ್ರಲ್ಲ ಸಾರ್, ಇನ್ಯಾಕೆ ಮಾತ್ರೆ" ಅಂತ ವಾರದಿಂದ ಎಲ್ಲಾ ನಿಲ್ಸಿದ್ರಂತೆ, ನಂಗೆ ಎದೆ ಝಲ್ ಅಂತು. ಕೂರಿಸ್ಕೊಂಡು ಬೈದು, ಸ್ಟೆಂಟಲ್ಲಿ ರಕ್ತ ಗಡ್ಡೆ ಕಟ್ಟದಂಗೆ ತಡೆಯೋ ಎರಡು ಮಾತ್ರೆನೂ ಮತ್ತೆ ಶುರು ಮಾಡ್ಸಿ, ಇಸಿಜಿ ತೆಗೆಸ್ದೆ, ಪುಣ್ಯಕ್ಕೆ ಹೊಸದೇನಿಲ್ಲ. ಮಾತ್ರೆ ಡಬ್ಬಿ ಈಗ ಹೆಂಡತಿ ಹತ್ರ ಇರುತ್ತೆ. ಬೀಡಿ ಬಿಟ್ರಾ ಅಂದೆ, ಆಯಮ್ಮ ಗಂಡನ ಮುಖ ನೋಡಿದ್ರು, ಆತ ಸೂರು ನೋಡ್ತಾ ಕೂತ್ರು.